ಮಾಲಿ ಬಿಚ್ಚಿದ ಏಕಾದಶಿ

ಗೋಕಾಕ ಸಂತಿಯೊಳಗ ಹಳೇ ತಾಳದ ಜೋಡಿಗೆ ಮಾರುವವ ಕೇಳಿದಷ್ಟೂ, ಆರುನೂರು ರೂಪಾಯಿ, ಕೊಟ್ಟು ಬಂದೆ. ಚೌಕಾಸಿ ಮಾಡದ ಹೆಂಗಸಲ್ಲ ನಾನು. ಹಿತ್ತಾಳಿ ವಾಸನಿ ಮೂಗಿಗೆ ಬಡಿದು ಸಣ್ಣಾಕಿ ಇದ್ದಾಗಿನ ಗುಡಿ ಭಜನಿ ನೆನಪಾತು.

ಅಪ್ಪ ಸಾರಾಯಿ ಬಿಡಾಕಂತ ತುಳಸಿ ಮಾಲಿ ಹಾಕಿಕೊಂಡು ನಮ್ಮೂರ ಭಜನಿ ಮೇಳ ಸೇರಿದ್ದ. ಅಲ್ಲಿದ್ದವರೆಲ್ಲ ಹಿಂದ ಕುಡಿದವರೇ. ಐದು ತಿಂಗಳು ಒಬ್ಬರಿಗೊಬ್ಬರು ಕಾವಲಿದ್ದರು. ಅವ್ವ ನಗಾಕ ಹತ್ತಿದ್ದಳು. ಆ ಏಕಾದಶಿ ಮಧ್ಯಾಹ್ನ ಅಪ್ಪ ನನ್ನ ಕೈ ಹಿಡಿದು ಗುಡಿಗೆ ಬಂದು ಹೊಸ್ತಿಲ ಹೊರಗೇ ನಿಂತ.

"ಕಾಕಾ, ನಿನ್ನಿ ಕುಡದೆನ್ರಿ. ತಪ್ಪಾತು."

ಮೇಳದ ಹಿರಿಯ ದತ್ತೂಕಾಕಾ ತಾಳ ನಿಲ್ಲಿಸಿದ. "ಮಾಲಿ ಹಾಕ್ಕೊಂಡು ಕುಡದಿ ಏನಲೇ? ಬಿಚ್ಚಿಡು. ಶುದ್ಧಾಗಿ ಮುಂದಿನ ಏಕಾದಶಿಗೆ ಬಾ."

"ಒಬ್ಬನ ಇದ್ರ ನನ್ನ ಕೈಲೆ ಆಗೂದಿಲ್ರಿ, ಕಾಕಾ."

"ಹಂಗಾರ ಭಟ್ಟಿಯವನ ಜೋಡಿ ಭಜನಿ ಮಾಡು," ಅಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಬೆವರಿಗೆ ನೆನೆದ ಮಾಲಿಯನ್ನು ಅಪ್ಪ ಹೊಸ್ತಿಲ ಮ್ಯಾಲ ಇಟ್ಟ. ನನ್ನ ಕೈ ಬಿಟ್ಟು, ಕಳ್ಳಭಟ್ಟಿ ಇದ್ದ ಹಳ್ಳದ ಕಡೆ ನಡೆದ. ಒಳಗ ಭಜನಿ ಮತ್ತ ಶುರುವಾತು. ಮುಂದಿನ ಏಕಾದಶಿಗೆ ಅಪ್ಪ ಭಟ್ಟಿ ಬಿಟ್ಟು ಏಳಲಿಲ್ಲ. ದೀಪಾವಳಿಗೆ ಅಪ್ಪನೇ ಇರಲಿಲ್ಲ.

ನಿಮ್ಮೂರಾಗ ಇಂಥ ಕೂಟ ಇದ್ರ ಕೇಳ್ರಿ: ಕುಡಿದವ ತಾನಾಗಿ ಬಂದು ಹೇಳಿದ ದಿನ ಅವನನ್ನ ಹೊರಗ ನಿಲ್ಲಸಬ್ಯಾಡ್ರಿ. ಮೊದಲ ಚಹಾ ಕೊಟ್ಟು ನಡುವ ಕುಂಡ್ರಸ್ರಿ, ಮನಿತನಕ ಯಾರರೆ ಜೋಡಿ ಹೋಗ್ರಿ. ಬೈಯೂದಿದ್ರ ನಾಳೆ ಬೈರಿ.