ಊದಿದ ಹಲಗೆ

"ನೀರು ಉಯ್ದಿಲ್ಲ ಅಂದ್ರೆ ಹಲಗೆ ಎಂಗಮ್ಮಾ ಊದ್ತದೆ? ಗಾಳಿ ಕುಡ್ದಾ?"

ಕೃಷ್ಣಪ್ಪ ತನ್ನ ಮಹಡಿಮನೆಯ ಬಾಡಿಗೆದಾರರ ನಡುಮನೆಯಲ್ಲಿ ಮಂಡಿಯೂರಿ ಕೂತು ನೆಲದ ಮೇಲೆ ಬೆರಳಾಡಿಸುತ್ತಿದ್ದ. ಹಲಗೆಗಳ ಅಂಚು ಎದ್ದು ನಿಂತಿತ್ತು. ಸಂದಿನಲ್ಲಿ ಹಳದಿ ಕಲೆ ಬೇರೆ. ಸಾರು ಚೆಲ್ಲಿದ್ದಾರೆ, ಮೇಲೆ ನೀರು ಸುರಿದು ತೊಳೆದಿದ್ದಾರೆ. ಅನುಮಾನವೇ ಬೇಡ.

ಹೊಳೆನರಸೀಪುರದಲ್ಲಿ ಲ್ಯಾಮಿನೇಟ್ ಹಲಗೆಯ ನೆಲ ಹಾಕಿಸಿದವರಲ್ಲಿ ಅವನೇ ಮೊದಲಿಗ. ಹಾಗೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಎರಡು ಸಾವಿರದ ಐದರಲ್ಲಿ ಮಹಡಿ ಎಬ್ಬಿಸಿದಾಗ ಹಾಸನದ ಅಂಗಡಿಯವನು ಬಾಯಿಪಾಠ ಮಾಡಿಸಿ ಕಳಿಸಿದ್ದ: ಬಕೆಟ್ ನೀರು ತೋರಿಸಲೇಬಾರದು, ಬಟ್ಟೆಯನ್ನು ಹನಿ ಬೀಳದಷ್ಟು ಹಿಂಡಿ ಒರೆಸಬೇಕು, ಹಿಂದೆಯೇ ಒಣಬಟ್ಟೆ. ಸಂದಿಗೆ ನೀರಿಳಿದರೆ ಒಳಗಿನ ಮರದ ಹೊಟ್ಟು ಊದಿಕೊಳ್ಳುತ್ತದೆ. ಊದಿದ್ದು ಮತ್ತೆ ಕೂರುವುದಿಲ್ಲ. ಬ್ಯಾಂಕಿನ ಮಂಚಯ್ಯನಿಗೂ ಅವನ ಹೆಂಡತಿ ಹೊಂಬಾಳಮ್ಮನಿಗೂ ಕೃಷ್ಣಪ್ಪ ಕೀ ಕೊಟ್ಟ ದಿನವೇ ಈ ಪಾಠ ಒಪ್ಪಿಸಿದ್ದ.

"ಇಂಡೇ ಒರ್ಸೋದು ನಾನು. ಬೇಕಾರೆ ಬಟ್ಟೆ ಮುಟ್ಟಿ ನೋಡಿ," ಎಂದಳು ಹೊಂಬಾಳಮ್ಮ.

ಅವನು ಮುಟ್ಟಲಿಲ್ಲ.

"ಅಡುಗೆಮನೆ ತಾವ ಊದಿಲ್ಲ, ಬಚ್ಚಲು ತಾವ ಊದಿಲ್ಲ. ನೀರು ಬಳಸೋ ಜಾಗ ಬಿಟ್ಟು ನಡುಮನೇಲಿ ಯಾಕೆ ಸುರೀಲಿ?" ಎಂದು ಅವಳೇ ಮತ್ತೆ ಕೇಳಿದಳು.

"ಅದ್ನ ನನ್ನ ಕೇಳ್ತೀಯಾ?"

ಕೆಳಗಿನ ದೇವರಮನೆಯಲ್ಲಿ ಅವನ ಹೆಂಡತಿ ಅನಸೂಯಮ್ಮ ಮಂಗಳಾರತಿ ಎತ್ತಿದ್ದಳು. ಗಂಟೆಯ ಸದ್ದು ನೇರ ಅವನ ಮಂಡಿಯ ಕೆಳಗೇ ಕೇಳಿಸಿತು.

ಬಾಗಿಲ ಬಳಿ ನಿಂತಿದ್ದ ಮಂಚಯ್ಯ ಕೈ ಮುಗಿದ. "ಖಾಲಿ ಮಾಡಿ ಅನ್ಬೇಡಿ ಸಾ. ಈ ಊರಲ್ಲಿ ನಮಗೆ ಇನ್ನೊಂದು ಮನೆ ಸಿಕ್ಕಲ್ಲ."

ಕೃಷ್ಣಪ್ಪನಿಗೆ ನಗು ಬಂತು. ಬೀದಿಬೀದಿಯಲ್ಲಿ ಟು-ಲೆಟ್ ಬೋರ್ಡು ನೇತಾಡುತ್ತಿರುವಾಗ ಬ್ಯಾಂಕ್ ನೌಕರನಿಗೆ ಮನೆ ಸಿಗುವುದಿಲ್ಲವಂತೆ! ಇವರಿಗೆ ಕೊಡಬೇಡಿ ಎಂದು ಅನಸೂಯಮ್ಮ ಆಗಲೇ ಬಡಿದುಕೊಂಡಿದ್ದಳು. ತನ್ನ ತಮ್ಮನ ಮಗನಿಗೆ ಮನೆ ಸಿಗಲಿಲ್ಲವೆಂಬ ಸಿಟ್ಟು ಎಂದುಕೊಂಡು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವಳ ಮಾತೇ ನಿಜವಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

"ಒಂದು ಕೆಲ್ಸ ಮಾಡಿ," ಎಂದಳು ಹೊಂಬಾಳಮ್ಮ. ಅವಳ ದನಿಯೂ ಗಡುಸಾಗಿತ್ತು. "ತಿಂಗಳು ತಿಂಗಳು ಓಗೋ ಅಂಗೆ ಈಗ ನಮ್ಮೂರು ಹಳೇಕೋಟೆಗೆ ಓಯ್ತಿದೀವಿ. ಊರಿಂದ ಬಂದಾಗಲೇ ನೆಲ ಜಾಸ್ತಿ ಊದಿರ್ತದೆ. ಊದಿರೋದ್ರ ಸುತ್ತ ಗೆರೆ ಎಳೀರಿ, ನಿಮ್ಮೆದುರಿಗೇ ಬೀಗ ಆಕ್ತೀನಿ. ಬೀಗ ಆಕಿದ ಮನೇಲೂ ಗೆರೆ ದಾಟಿ ಊದಿದ್ರೆ ತಪ್ಪು ನಮ್ಮದಲ್ಲ. ಊದದೆ ಇದ್ರೆ ನಮ್ಮದೇ. ಆವತ್ತೇ ಗಂಟುಮೂಟೆ ಕಟ್ತೀವಿ."

ಕೃಷ್ಣಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಅವಳು ಬೀಗ ಜಗ್ಗಿ ತೋರಿಸಿ ಕೀಯನ್ನು ಸೆರಗಿಗೆ ಕಟ್ಟಿಕೊಂಡಳು. ಗೆದ್ದೆ ಎಂದುಕೊಂಡು ಅವನು ಕೆಳಗಿಳಿದ.

ಹೆಂಡತಿಗೆ ಈ ಪಂದ್ಯದ ಸುದ್ದಿ ಹೇಳಲಿಲ್ಲ. 'ನಾನು ಆಗಲೇ ಹೇಳಿರಲಿಲ್ವಾ' ಎಂದು ಅವಳ ಬಾಯಿಂದ ಕೇಳುವುದು ಯಾರಿಗೆ ಬೇಕು?

"ಊರಿಗೆ ಓದ್ರಾ?" ಎಂದಳು ಅನಸೂಯಮ್ಮ, ಸೊಂಟದ ಕೀಗೊಂಚಲು ಸರಿಮಾಡಿಕೊಳ್ಳುತ್ತ. "ಯಾವಾಗ ಬತ್ತಾರಂತೆ?"

"ಸೋಮವಾರ ಬೆಳಗ್ಗೆ."

ಅವರು ಭಾನುವಾರ ಸಂಜೆಯೇ ಬಂದುಬಿಟ್ಟರು. ಹೊಂಬಾಳಮ್ಮನಿಗೆ ಊರಲ್ಲಿ ಕೂತಲ್ಲಿ ಕೂರಲಾಗಿರಲಿಲ್ಲವಂತೆ. ಗೇಟಿನ ಬಳಿ ನಿಂತಿದ್ದ ಕೃಷ್ಣಪ್ಪ ಬ್ಯಾಗು ಇಳಿಸುವುದಕ್ಕೂ ಬಿಡಲಿಲ್ಲ.

"ನಡೀರಿ, ಈಗಲೇ ನೋಡ್ಬುಡವಾ."

ಮೂವರೂ ಮೆಟ್ಟಿಲು ಹತ್ತಿದರು. ಹೊಂಬಾಳಮ್ಮ ಸೆರಗಿನ ಗಂಟು ಬಿಚ್ಚಿ ಕೀ ತೆಗೆದವಳು ಹಾಗೇ ನಿಂತಳು. ಬೀಗ ಬಾಯಿ ಬಿಟ್ಟುಕೊಂಡು ಚಿಲಕಕ್ಕೆ ನೇತಾಡುತ್ತಿತ್ತು. ಒಳಗೆ ನೀರು ಸುರಿಯುವ ಸದ್ದು.

ಕೃಷ್ಣಪ್ಪ ಬಾಗಿಲು ನೂಕಿದ. "ಯಾರ್ಲಾ ಅದು?"

ಸೀರೆ ಎತ್ತಿ ಕಟ್ಟಿದ್ದ ಅನಸೂಯಮ್ಮ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಕೈಯಲ್ಲಿ ಬಕೆಟ್. ಸೀಮೆಸುಣ್ಣದ ಗೆರೆ ಅರಿಶಿನದ ನೀರಿನಲ್ಲಿ ಕರಗುತ್ತಿತ್ತು. ಅವಳು ತಿರುಗಿಯೂ ನೋಡಲಿಲ್ಲ.

"ನಾನೇ ಕಣ್ರೀ, ಯಾಕಂಗೆ ಅರುಚ್ತೀರಿ? ಆ ಕೇರಿ ಜನ ತುಳಿಯೋ ಜಾಗದ ಕೆಳಗೇ ನಮ್ಮ ದೇವ್ರು ಕುಂತವ್ನೆ. ತಿಂಗಳಿಗೊಂದ್ಸಲನಾದ್ರೂ ಮೈಲಿಗೆ ತೊಳೀಬ್ಯಾಡ್ವಾ?"