ಸುಗಂಧಿಯಕ್ಕನ ಜಾಗದ ಅಧ್ಯಯನ

ಹಣಕಾಸು ಸುಧಾರಣಾ ಕಾಯ್ದೆ ಬಂದ ಮೇಲೆ ಕಡಲತೀರದಲ್ಲಿ ಮನೆಸಾಲ ಮಂಜೂರಾಗಬೇಕಾದರೆ ಸರ್ಕಾರಿ ಅಧ್ಯಯನ ಕಡ್ಡಾಯ. ಅಧ್ಯಯನವೆಂದರೆ ಬೇರೇನಿಲ್ಲ, ಕಡಲನ್ನೇ ಕೇಳುವುದು. ನನ್ನ ನೌಕರಿ ಅದೇ.

ಮೀನು ಮಾರುವ ಸುಗಂಧಿಯಕ್ಕ ತಮ್ಮ ಜಾಗದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ ಕಾಯುತ್ತಿದ್ದರು. "ಇದು ಚಾವಡಿ, ಅದು ಅಡುಗೆಮನೆ. ಬೇಗ ಕೇಳಿ ಮೇಡಂ, ನನಗೆ ಮಾರ್ಕೆಟ್ಟಿಗೆ ಹೋಗ್ಲಿಕ್ಕುಂಟು."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಡಲಿಗೆ ಮುಖಮಾಡಿ ನಿಂತೆ. "ಸಾಲದ ಅವಧಿ ಮೂವತ್ತು ವರ್ಷ. ಅಷ್ಟರೊಳಗೆ ನೀನು ಎಲ್ಲಿಯವರೆಗೆ ಬರ್ತೀ, ತೋರಿಸು."

ಪಕ್ಕದ ಮನೆಯವರು ಎಂದಿನಂತೆ ಒಣಮೀನಿನ ಚಾಪೆ ಎತ್ತಿಕೊಂಡು ತಾರಸಿ ಹತ್ತಿದರು. ಕಡಲು ಎದ್ದು ಬಂತು. ಸದ್ದಿಲ್ಲದೆ ರಸ್ತೆ ದಾಟಿ, ಹಗ್ಗಗಳನ್ನು ಮುಳುಗಿಸಿ, ನಮ್ಮ ಎದೆಮಟ್ಟಕ್ಕೆ ಬಂದು ನಿಂತಿತು. ನೀರು ಗಾಜಿನಷ್ಟು ತಿಳಿಯಾಗಿತ್ತು. ಎಷ್ಟು ಸಲ ನೋಡಿದರೂ ಈ ಹೊತ್ತಿಗೆ ನನ್ನ ಮೈ ಜುಮ್ಮೆನ್ನುತ್ತದೆ.

"ಅಲ್ಲಿ ನೋಡಿ ಮೇಡಂ," ಸುಗಂಧಿಯಕ್ಕ ಪಿಸುಗುಟ್ಟಿದರು.

ಅಡುಗೆಮನೆಯ ಗೂಟಗಳ ನಡುವೆ ಬಂಗುಡೆ ಮೀನುಗಳ ದೊಡ್ಡ ಹಿಂಡೊಂದು ಹೊಳೆಯುತ್ತ ಸುತ್ತುತ್ತಿತ್ತು. ಅದು ಒಮ್ಮೆಲೇ ತಿರುಗಿ, ಚಾವಡಿ ಹಾದು, ಬಾಗಿಲಿಗೆಂದು ಬಿಟ್ಟಿದ್ದ ಜಾಗದಿಂದಲೇ ಹೊರಗೆ ಹೋಯಿತು.

ನೀರು ಇಳಿದ ಮೇಲೆ ಹೇಳಲೇಬೇಕಾಯಿತು. "ಮನೆಸಾಲ ಸಿಗುದಿಲ್ಲ ಸುಗಂಧಿಯಕ್ಕ."

ಅವರು ಸೆರಗು ಹಿಂಡುತ್ತ ಒದ್ದೆ ಗೂಟಗಳತ್ತ ನೋಡಿದರು.

"ಹಾಗಾದ್ರೆ ದೋಣಿಸಾಲಕ್ಕೆ ಬರೀರಿ," ಎಂದರು. "ನನ್ನ ಅಡುಗೆಮನೆಯ ಮೀನು ಬೇರೆಯವ್ರು ಯಾಕೆ ಹಿಡಿಯೋದು?"