ಸೀಲು ಒಡೆಯದ ಫಿಲ್ಟರ್

ಹಳೆಯ ಮೋಡೆಮ್ ಡಬ್ಬಿ ಇಂದು ಕೈಗೆ ಸಿಕ್ಕಿತು. ಫೋನು, ಇಂಟರ್ನೆಟ್ ಎರಡೂ ಒಂದೇ ತಂತಿಯಲ್ಲಿ ನಡೆಯಲೆಂದು ಕೊಟ್ಟಿದ್ದ ಪುಟ್ಟ ಫಿಲ್ಟರ್ ಒಳಗೇ ಇದೆ. ಅಪ್ಪನೆಂಬ ಪುಣ್ಯಾತ್ಮ ಅದರ ಸೀಲು ಕೂಡ ಒಡೆದಿಲ್ಲ.

ಸದಲಗಾದ ಮನೆಗೆ ಇಂಟರ್ನೆಟ್ ಬಂದ ದಿನ, ಮಧ್ಯಾಹ್ನವೆಲ್ಲ ಅಪ್ಪ ಬೆವರೊರೆಸಿಕೊಳ್ಳುತ್ತ ಮೋಡೆಮ್ ಜೋಡಿಸುತ್ತಿದ್ದರು. ಹಸಿರು ದೀಪ ಹತ್ತಿದ ಕೂಡಲೇ ಅಜ್ಜಿ ಫೋನೆತ್ತಿ ಕಿವಿಗಿಡುತ್ತಿದ್ದಳು, ದೀಪ ಆರುತ್ತಿತ್ತು.

“ಅವ್ವಾ, ಎಷ್ಟ ಸಲ ಹೇಳ್ಲಿ? ಅದನ್ನ ಮುಟ್ಟಬ್ಯಾಡ.”

“ಫೋನಿಗೆ ಜೀವಾ ಐತೋ ಇಲ್ಲೋ ನೋಡ್ದೆ. ಕೊಲ್ಲಾಪುರದಾಗ ನಿನ್ನ ತಂಗಿಗೆ ದಿನಾ ತುಂಬ್ಯಾವ.”

ರೇಗಿದ ಅಪ್ಪ ಫೋನಿನ ವೈರನ್ನೇ ಕಿತ್ತು ಮೋಡೆಮ್ಮಿಗೆ ಸಿಕ್ಕಿಸಿದರು. ದೀಪ ಆರದೆ ನಿಂತಿತು. ಅಜ್ಜಿ ಮತ್ತೆ ರಿಸೀವರ್ ಎತ್ತಿ ಬಹಳ ಹೊತ್ತು ಕಿವಿಗೊಟ್ಟಳು.

“ನಿನ್ನ ತಂಗಿ ಹಡದ ಸುದ್ದಿ ಇನ್ನ ಈ ದೀಪಾ ಹೇಳ್ತೈತೇನೊ?” ಎಂದಳು.